ಕ್ರಿಟಿಕಲ್ ಕೇರ್: ಹುಲ್ಲು ಬಿಟ್ಟ ಚಿಂಚಿಲ್ಲಾಗೆ ಸಿರಿಂಜಿನ ಗಂಜಿ

ಮೊಲದಂತೆ ಹುಲ್ಲು ತಿನ್ನುವ, ದಟ್ಟ ತುಪ್ಪಳದ ಸಣ್ಣ ಸಾಕುಪ್ರಾಣಿ ಚಿಂಚಿಲ್ಲಾ. ಅದರ ಕರುಳು ನಡೆಯುವುದೇ ನಾರಿನ ಬಲದಲ್ಲಿ. ಹುಲ್ಲು ಬಿಟ್ಟು ಅರ್ಧ ದಿನ ಕಳೆದರೆ ಕರುಳಿನ ಓಟ ಕುಂದುತ್ತದೆ, ಸೀಕಮ್‌ನ (ನಾರನ್ನು ಹುದುಗಿಸುವ ಕರುಳಿನ ಚೀಲ) ಬ್ಯಾಕ್ಟೀರಿಯಾ ಹದ ತಪ್ಪುತ್ತವೆ, ಗ್ಯಾಸ್ ತುಂಬಿ ನೋವಾಗುತ್ತದೆ. ನೋವಿಗೆ ಅದು ಇನ್ನಷ್ಟು ಊಟ ಬಿಡುತ್ತದೆ. ಈ ಸುಳಿಯಿಂದ ಹೊರತರಲು ವೈದ್ಯರು ನೀರಿನಲ್ಲಿ ಕಲಸಿ ಸಿರಿಂಜಿನಿಂದ ಕೊಡಲು ಹೇಳುವ ಪುಡಿಗಳಲ್ಲಿ ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಮುಂದಿನ ಸಾಲಿನದು. ಇದರ ಮುಖ್ಯ ಪದಾರ್ಥ ತಿಮೋತಿ ಹುಲ್ಲು. ಇದರ ಬದಲು ಮಕ್ಕಳ ಹಣ್ಣಿನ ಪ್ಯೂರಿ ಸಾಲದು: ಅದರಲ್ಲಿ ಸಕ್ಕರೆ ಹೆಚ್ಚು, ನಾರು ಇಲ್ಲವೆಂಬಷ್ಟು ಕಡಿಮೆ; ಅದನ್ನು ಕೊಟ್ಟರೆ ಹೊಟ್ಟೆ ಇನ್ನೂ ಕೆಡುತ್ತದೆ. ಈ ಪುಡಿಯ ಬೆಲೆ ಇರುವುದು ಅದರ ನಾರಿನಲ್ಲಿ.

ಕಲಸುವುದು ಸುಲಭ. ಒಂದು ಚಮಚ ಪುಡಿಗೆ ಎರಡು ಚಮಚ ಬೆಚ್ಚಗಿನ ನೀರು. ಎರಡು ನಿಮಿಷ ಬಿಟ್ಟರೆ ನಾರು ನೀರು ಕುಡಿದು ಗಟ್ಟಿಯಾಗುತ್ತದೆ, ಆಗ ಇನ್ನು ಸ್ವಲ್ಪ ನೀರು ಹಾಕಿ. ಮಿಕ್ಕದ್ದನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು.

ತೊಡಕಿರುವುದು ಸಿರಿಂಜಿನಲ್ಲಿ. ಸಾಮಾನ್ಯ ಪುಡಿಯ ಒರಟು ನಾರು 1 ಮಿ.ಲೀ. ಸಿರಿಂಜಿನ ಸಣ್ಣ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಿ ತಳ್ಳಿದರೆ ಒಮ್ಮೆಲೇ ಚಿಮ್ಮಿ ಗಂಟಲಿಗೆ ಹೋಗುತ್ತದೆ. ಗಂಜಿ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುವುದು ಹೆಚ್ಚಾಗಿ ಹೀಗೆಯೇ. ಮೂತಿಯನ್ನು ಕತ್ತರಿಸಿ ಅಂಚನ್ನು ಮರಳು ಕಾಗದದಿಂದ ನಯಗೊಳಿಸಿ. ಒರಟು ಅಂಚು ಒಸಡು ಗೀರುತ್ತದೆ. ಇಲ್ಲವೇ ಇದೇ ಕಂಪನಿಯ ಫೈನ್ ಗ್ರೈಂಡ್ ಎಂಬ, ನುಣ್ಣಗೆ ಅರೆದ ಪುಡಿ ಕೊಳ್ಳಿ. ಅದು ಸಣ್ಣ ಸಿರಿಂಜಿನಲ್ಲೂ ಸರಾಗವಾಗಿ ಇಳಿಯುತ್ತದೆ. ಆದರೆ ಕರುಳನ್ನು ಎಚ್ಚರಿಸುವುದು ಉದ್ದ ನಾರು. ಹಾಗಾಗಿ ಯಾವ ಪುಡಿ ಕೊಟ್ಟರೂ ಗೂಡಿನಲ್ಲಿ ತಾಜಾ ಒಣಹುಲ್ಲು ಸದಾ ಇರಲೇಬೇಕು.

ಪ್ರಾಣಿಯನ್ನು ಟವೆಲಿನಲ್ಲಿ ಸಡಿಲವಾಗಿ ಸುತ್ತಿ, ಎದೆ ಒತ್ತದಂತೆ ಕೂರಿಸಿ. ಬೆನ್ನ ಮೇಲೆ ಮಲಗಿಸಬಾರದು, ತಲೆ ಹಿಂದಕ್ಕೆ ಎತ್ತಬಾರದು. ತುಪ್ಪಳ ಹಿಡಿದರೆ ಬೆದರಿ ಕೂದಲಿನ ಗೊಂಚಲನ್ನೇ ಕಳಚಿಬಿಡುತ್ತದೆ. ಬಿಸಿ ತಡೆಯದ ಜೀವ, ಟವೆಲಿನಲ್ಲಿ ಹೆಚ್ಚು ಹೊತ್ತು ಇಡಬೇಡಿ. ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಿಂದ ಸಿರಿಂಜ್ ತೂರಿಸಿ, 0.3ರಿಂದ 0.5 ಮಿ.ಲೀ. ಬಿಡಿ. ಅಗಿದು ನುಂಗುವವರೆಗೆ ಕಾಯಿರಿ. ಈ ಕಾಯುವಿಕೆಯಲ್ಲೇ ಎಲ್ಲ ಇದೆ.

ಪ್ರಮಾಣವನ್ನು ವೈದ್ಯರು ನಿಗದಿಪಡಿಸಬೇಕು. ಸಾಮಾನ್ಯವಾಗಿ ದಿನಕ್ಕೆ ಕೆ.ಜಿ. ತೂಕಕ್ಕೆ 50ರಿಂದ 80 ಮಿ.ಲೀ. ಕಲಸಿದ ಗಂಜಿ. 500 ಗ್ರಾಂ ಪ್ರಾಣಿಗೆ 25ರಿಂದ 40 ಮಿ.ಲೀ. ಆಯಿತು, ಐದಾರು ಸಲಕ್ಕೆ ಹಂಚಿ, ರಾತ್ರಿಯೂ ಸೇರಿಸಿ. ಒಂದೇ ಸಲ ತುಂಬಿಸಿದರೆ ಹೊಟ್ಟೆ ಬಿಗಿಯುತ್ತದೆ, ಮತ್ತು ಚಿಂಚಿಲ್ಲಾಗೆ ವಾಂತಿ ಮಾಡಲು ಬರುವುದಿಲ್ಲ.

ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ, ಪ್ರಾಣಿ ಮೈ ಚಾಚಿ ಹೊರಳುತ್ತಿದ್ದರೆ, ಗಂಜಿ ಬೇಡವೇ ಬೇಡ. ಅದು ಉಬ್ಬರವೋ ಅಡಚಣೆಯೋ ಎಂದು ವೈದ್ಯರು ನೋಡುವ ಮೊದಲು ತಿನ್ನಿಸಿದರೆ ಪ್ರಾಣಕ್ಕೇ ಅಪಾಯ. ಮೈ ತಣ್ಣಗಿದ್ದರೂ ಮೊದಲು ಬೆಚ್ಚಗಾಗಬೇಕು. ಪುಡಿ ಔಷಧವಲ್ಲ, ನೋವು ನಿವಾರಕ ಇಲ್ಲದೆ ಎಷ್ಟೇ ತಿನ್ನಿಸಿದರೂ ಪ್ರಾಣಿ ತಾನಾಗಿ ಹುಲ್ಲಿಗೆ ಮರಳುವುದು ಕಷ್ಟ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಅಂತೂ ಮುಟ್ಟಬೇಡಿ. ಬಾಯಿಗೆ ಕೊಟ್ಟ ಪೆನಿಸಿಲಿನ್, ಕ್ಲಿಂಡಮೈಸಿನ್ ಸೀಕಮ್‌ನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಪ್ರಾಣಿಯನ್ನೇ ಕೊಲ್ಲಬಲ್ಲವು.

ಫಲ ಕಾಣುವುದು ಹಿಕ್ಕೆಯಲ್ಲಿ. ಸಣ್ಣಗೆ, ಒಣಗಿ, ಲೆಕ್ಕಕ್ಕೆ ಸಿಗುವಷ್ಟು ಬೀಳುತ್ತಿದ್ದವು ದಪ್ಪಗಾಗಿ ಹೆಚ್ಚಬೇಕು. ಗ್ರಾಂ ತೋರಿಸುವ ತಕ್ಕಡಿಯಲ್ಲಿ ದಿನವೂ ಅದೇ ಹೊತ್ತಿಗೆ ತೂಗಿ. ಹುಲ್ಲು ತಿನ್ನತೊಡಗಿ ತೂಕ ಇಳಿಯುವುದು ನಿಂತ ಮೇಲೆ ಒಂದೊಂದೇ ಹೊತ್ತಿನ ಗಂಜಿ ಕಡಿಮೆ ಮಾಡಿ. ಗಂಜಿಯನ್ನು ಚೆನ್ನಾಗಿ ನುಂಗಿ ಹುಲ್ಲನ್ನು ಮಾತ್ರ ಬಾಯಿಂದ ಬೀಳಿಸುತ್ತಿದ್ದರೆ, ಗದ್ದ ಒದ್ದೆಯಾಗಿದ್ದರೆ, ಮೂಲ ಕಾಯಿಲೆ ದವಡೆಹಲ್ಲಿನಲ್ಲಿರಬಹುದು. ಆಗ ಇನ್ನೊಂದು ಪೊಟ್ಟಣ ಕೊಳ್ಳುವ ಮೊದಲು ತಲೆಬುರುಡೆಯ ಎಕ್ಸ್‌ರೇ ಮಾಡಿಸಿ.