ಕಡುವಿನಿಂದ ತಿಳಿಗೆ ಇಳಿಯುವ ಬಣ್ಣ: ತಣ್ಣೀರಿನ ರಿಯಾಕ್ಟಿವ್ ಡೈ ಕಿಟ್ ಬಳಸಿ ನೋಡಿದ ಮೇಲೆ

ಕೆಳಗಿನ ಅಂಚಿನಲ್ಲಿ ಕಡು ನೀಲಿ, ಮೇಲೆ ಬರ್ತಾ ಬರ್ತಾ ತಿಳಿಯಾಗಿ, ಸೊಂಟದ ಹತ್ತಿರ ಹೆಚ್ಚುಕಡಿಮೆ ಬಿಳಿ. ಇಂಥ ಸ್ಕರ್ಟ್ ಹೊಲಿಯಲು ರೆಡಿಮೇಡ್ ಶೇಡೆಡ್ ಬಟ್ಟೆ ತಂದರೆ ಒಂದು ತೊಂದರೆ ಇದ್ದೇ ಇರುತ್ತದೆ. ಬಣ್ಣ ಎಲ್ಲಿ ತಿರುಗಬೇಕು ಅನ್ನುವುದನ್ನು ಬಟ್ಟೆ ಮಾಡಿದವರು ಆಗಲೇ ನಿರ್ಧರಿಸಿರುತ್ತಾರೆ, ಅದು ನಮ್ಮ ಉದ್ದಕ್ಕೆ ಹೊಂದುವುದಿಲ್ಲ. ಅದಕ್ಕೇ ಪ್ರೋಸಿಯಾನ್ ಎಂಎಕ್ಸ್ ಅನ್ನುವ ಜಾತಿಯ ಬಣ್ಣದ ಪುಡಿ ಇರುವ ಒಂದು ಡೈ ಕಿಟ್ ತರಿಸಿದೆ. ಬಣ್ಣಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಕಿಟ್‌ಗೆ ಅರ್ಧ ಅಂಕ, ಅದೂ ಸ್ವಲ್ಪ ಜಾಸ್ತಿಯೇ ಆಯ್ತು.

ಮೊದಲು ಬಣ್ಣದ ವಿಷಯ. ಇದು ಹೊಸದೇನಲ್ಲ, ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲೇ ಮಾರುಕಟ್ಟೆಗೆ ತಂದ ಬಣ್ಣ. ಇದು ನೂಲಿನ ಮೇಲೆ ಸುಮ್ನೆ ಅಂಟಿಕೊಳ್ಳುವುದಿಲ್ಲ. ವಾಷಿಂಗ್ ಸೋಡಾ ಸೇರಿದಾಗ ಹತ್ತಿಯ ನಾರಿನ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ, ರಿಯಾಕ್ಟಿವ್ ಡೈ ಅನ್ನುವುದು ಅದಕ್ಕೇ. ಕುದಿಸುವ ಕೆಲಸವಿಲ್ಲ, ನೀರು 21 ಡಿಗ್ರಿಗಿಂತ ಮೇಲಿದ್ದರೆ ಸಾಕು. ಹತ್ತಿ, ಲಿನನ್, ರೇಯಾನ್ ಎಲ್ಲಕ್ಕೂ ಚೆನ್ನಾಗಿ ಹಿಡಿಯುತ್ತದೆ. ಪಾಲಿಯೆಸ್ಟರ್‌ಗೆ ಮಾತ್ರ ಹಿಡಿಯುವುದೇ ಇಲ್ಲ. "ಎಲ್ಲಾ ಬಟ್ಟೆಗೂ ಒಂದೇ" ಅಂತ ಬರುವ ಡಬ್ಬಿಯ ಬಣ್ಣಗಳೂ ಹತ್ತಿಗೆ ಹತ್ತುತ್ತವೆ, ಆದರೆ ಅವಕ್ಕೆ ಬಿಸಿ ನೀರು ಬೇಕು, ಒಗೆದಂತೆಲ್ಲ ಬೇಗ ಮಾಸುತ್ತವೆ. ಶೇಡ್ ಇರುವ ಬಟ್ಟೆ ಮಾಸಿದರೆ ಮೊದಲು ಕಾಣದಂತಾಗುವುದು ತಿಳಿ ಬಣ್ಣದ ಭಾಗ. ಅದು ಹೋದರೆ ಶೇಡ್ ಅನ್ನುವುದೇ ಹೋಯ್ತು ಅಲ್ವಾ?

ನನಗೆ ಈ ಬಣ್ಣ ಯಾಕೆ ಇಷ್ಟ ಅಂದರೆ, ಸೋಡಾ ಸೇರುವ ತನಕ ಅದು ಆತುರ ಪಡುವುದಿಲ್ಲ. ಪುಡಿಯನ್ನು ಬರೀ ನೀರಿನಲ್ಲಿ ಕರಗಿಸಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಧಾರಾಳವಾಗಿ ಬಳಸಬಹುದು. ಸೋಡಾ ಬೆರೆತ ಮೇಲೆ ಮಾತ್ರ ಗಡಿಯಾರ ಓಡಲು ಶುರು, ಕೆಲವೇ ಗಂಟೆಗಳಲ್ಲಿ ಅದರ ಶಕ್ತಿ ಹೋಗಿಬಿಡುತ್ತದೆ. ಹಾಗಾಗಿ ಸೋಡಾವನ್ನು ಬಣ್ಣಕ್ಕೆ ಹಾಕದೆ ಬಟ್ಟೆಗೆ ಕುಡಿಸುವುದು ಒಳ್ಳೆಯದು. ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಸೋಡಾ, ಅದರಲ್ಲಿ ಬಟ್ಟೆ 15ರಿಂದ 30 ನಿಮಿಷ ನೆನೆಯಬೇಕು. ಹಿಂಡಿ, ಒದ್ದೆ ಇರುವಾಗಲೇ ಬಣ್ಣಕ್ಕೆ ಇಳಿಸಬೇಕು. ಅಡುಗೆ ಸೋಡಾ ಇದಕ್ಕೆ ಆಗುವುದಿಲ್ಲ, ಅದರ ಕ್ಷಾರ ಗುಣ ಸಾಲದು.

ಸ್ಕರ್ಟಿಗೆ ನಾನು ಮಾಡುವುದು ಹೀಗೆ. ಬಕೆಟ್‌ನಲ್ಲಿ ಮೊದಲು ತೀರಾ ತಿಳಿ ಬಣ್ಣ ಮಾತ್ರ. ಬಟ್ಟೆಯನ್ನು ಸೊಂಟದ ಹತ್ತಿರದವರೆಗೂ ಇಳಿಸಿ, ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಒಂದು ನಿಮಿಷ ಕೈ ನಿಲ್ಲಿಸಿದರೂ ನೀರಿನ ಮಟ್ಟದಲ್ಲಿ ಗೆರೆ ಬೀಳುತ್ತದೆ, ಆ ಗೆರೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಬಟ್ಟೆಯನ್ನು ಎತ್ತಿ, ಬಕೆಟ್‌ಗೆ ಇನ್ನಷ್ಟು ಬಣ್ಣ ಸುರಿದು ಕಲಸಿ, ಈ ಸಲ ಮುಕ್ಕಾಲು ಭಾಗ ಮಾತ್ರ ಇಳಿಸಿ. ಮತ್ತೆ ಬಣ್ಣ, ಆಗ ಅರ್ಧ. ಹೀಗೆ ಮಾಡುತ್ತಾ ಹೋದರೆ ಕೊನೆಗೆ ಅಂಚು ಮಾತ್ರ ಕಡು ಬಣ್ಣದಲ್ಲಿ ಕೂತಿರುತ್ತದೆ. ಆಮೇಲೆ ಪ್ಲಾಸ್ಟಿಕ್ ಹೊದಿಸಿ ಒಂದು ರಾತ್ರಿ ಒಣಗದಂತೆ ಬಿಡಬೇಕು. ಒದ್ದೆ ಬಟ್ಟೆಯಲ್ಲಿ ಬಣ್ಣ ಯಾವಾಗಲೂ ಕಡುವಾಗೇ ಕಾಣುತ್ತದೆ, ಒಂದು ಚೂರು ಬಟ್ಟೆ ಅದ್ದಿ ಪೂರ್ತಿ ಮುಗಿಸಿ ಒಣಗಿಸಿ ನೋಡದೆ ಶೇಡ್ ತೀರ್ಮಾನ ಮಾಡಬೇಡಿ.

ತುಂಡು ಜೋಡಿಸಿ ಕ್ವಿಲ್ಟ್ ಹೊಲಿಯುವವರಿಗೆ ಇನ್ನೂ ಸುಲಭದ ದಾರಿ ಇದೆ. 200 ಮಿಲಿ ಕಡು ಬಣ್ಣ ಮಾಡಿ, ಅದರಲ್ಲಿ 100 ಮಿಲಿ ತೆಗೆದು ಪಕ್ಕದ ಬಟ್ಟಲಿನ 100 ಮಿಲಿ ನೀರಿಗೆ ಬೆರೆಸಿ, ಅದರಿಂದ ಮತ್ತೆ 100 ಮಿಲಿ ಮುಂದಿನ ಬಟ್ಟಲಿಗೆ. ಪ್ರತಿ ಬಟ್ಟಲಲ್ಲೂ ಬಣ್ಣ ಅರ್ಧಕ್ಕೆ ಇಳಿಯುತ್ತದೆ, ಆರನೇ ಬಟ್ಟಲಿಗೆ ಮೊದಲಿನ 32ರಲ್ಲಿ ಒಂದು ಪಾಲು. ಸಮ ಸಮವಾಗಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ ಕಡು ಕಡೆಯ ತುಂಡುಗಳೆಲ್ಲ ಒಂದೇ ಥರ ಕಾಣುತ್ತವೆ, ತಿಳಿ ಕಡೆ ಮಾತ್ರ ದಿಢೀರನೆ ಇಳಿಯುತ್ತದೆ. ಅರ್ಧ ಅರ್ಧ ಮಾಡಿದರೆ ಕಣ್ಣಿಗೆ ಮೆಟ್ಟಿಲಿಳಿದ ಹಾಗೆ ಕಾಣುತ್ತದೆ.

ಈಗ ಕಿಟ್ ಮೇಲಿನ ನನ್ನ ದೊಡ್ಡ ದೂರು. ಅದರಲ್ಲಿರುವ ನೇರಳೆ, ಹಸಿರು, ಕಪ್ಪು ಒಂದೇ ಬಣ್ಣದ ಪುಡಿಗಳಲ್ಲ, ಎರಡು ಮೂರು ಬಣ್ಣ ಬೆರೆಸಿದ ಮಿಶ್ರಣಗಳು. ಡಬ್ಬಿಯ ಮೇಲೆ ಎಲ್ಲೂ ಹಾಗಂತ ಬರೆದಿಲ್ಲ. ಇಡೀ ಬಟ್ಟೆಗೆ ಒಂದೇ ಬಣ್ಣ ಹಾಕುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಶೇಡ್ ಮಾಡುವವರಿಗೆ ಇದೇ ಮುಖ್ಯ. ಟರ್ಕಾಯ್ಸ್ ನೀಲಿಯ ಅಣು ದೊಡ್ಡದು, ನಿಧಾನಕ್ಕೆ ಹಿಡಿಯುತ್ತದೆ, ಜಾಸ್ತಿ ಬಿಸಿಯನ್ನೂ ಜಾಸ್ತಿ ಹೊತ್ತನ್ನೂ ಕೇಳುತ್ತದೆ. ಫ್ಯೂಷಿಯಾ ಕೆಂಪು ಬಟ್ಟೆ ಮುಟ್ಟಿದ ಕೂಡಲೇ ಹಿಡಿದುಬಿಡುತ್ತದೆ. ಎರಡೂ ಇರುವ ನೇರಳೆಯನ್ನು ಅದ್ದಿದರೆ ಕೆಂಪು ತಾನಿದ್ದಲ್ಲೇ ನಿಲ್ಲುತ್ತದೆ, ನೀಲಿ ಮುಂದೆ ಹರಿದು ಹೋಗುತ್ತದೆ. ನನ್ನ ತೋಳಿನ ಬಟ್ಟೆಯಲ್ಲಿ ತಿಳಿ ನೇರಳೆ ಬರಬೇಕಿದ್ದ ಕಡೆ ನೀಲಿ ಅಂಚು ಕಟ್ಟಿಕೊಂಡಿತ್ತು. ಚೆಂದವೇ ಇತ್ತು, ಆದರೆ ಕೇಳಿದ್ದು ಅದನ್ನಲ್ಲ.

ಪುಡಿ ಮಿಶ್ರಣವೋ ಅಲ್ಲವೋ ಅಂತ ನೋಡುವುದು ಕಷ್ಟವಲ್ಲ. ಬಿಳಿ ಟಿಶ್ಯೂ ಕಾಗದ ಒದ್ದೆ ಮಾಡಿ ಹರಡಿ, ಪುಡಿಯನ್ನು ಚಮಚದ ತುದಿಯಿಂದ ಒಂದೇ ಒಂದು ಚಿಟಿಕೆ ಉದುರಿಸಿ. ಕಿಟ್‌ನ ಕಪ್ಪು ಪುಡಿಯಲ್ಲಿ ಕ್ಷಣದಲ್ಲೇ ಗುಲಾಬಿ ಚುಕ್ಕೆ ಒಂದು ಕಡೆ, ಹಳದಿ ಇನ್ನೊಂದು ಕಡೆ, ನಡುನಡುವೆ ನೀಲಿ ಅರಳಿದವು. ಕಪ್ಪು ಅನ್ನುವುದು ಎಲ್ಲೂ ಇರಲಿಲ್ಲ. ಎಂಎಕ್ಸ್ ಜಾತಿಯಲ್ಲಿ ಮಿಶ್ರಣವಲ್ಲದ ಒಂಟಿ ಬಣ್ಣಗಳು ಹೆಚ್ಚುಕಡಿಮೆ ಒಂದು ಡಜನ್ ಇವೆ, ಅಷ್ಟೇ. ಎಂಎಕ್ಸ್-8ಜಿ ನಿಂಬೆ ಹಳದಿ, ಎಂಎಕ್ಸ್-8ಬಿ ಫ್ಯೂಷಿಯಾ, ಎಂಎಕ್ಸ್-ಜಿ ಟರ್ಕಾಯ್ಸ್, ಇಂಥವು. ಹೆಸರಿನ ಜೊತೆ ಈ ನಂಬರ್ ಬರೆದಿರುವ ಕಡೆ ಬಿಡಿಯಾಗಿ ಕೊಳ್ಳುವುದೇ ಶೇಡ್ ಕೆಲಸಕ್ಕೆ ಸರಿ.

ಸಣ್ಣ ದೂರುಗಳೂ ಇವೆ. ಜೊತೆಗೆ ಬಂದ ಚೀಟಿಯಲ್ಲಿ ಚಮಚದ ಲೆಕ್ಕ ಇದೆ, ಬಟ್ಟೆಯ ತೂಕದ ಮಾತೇ ಇಲ್ಲ. 100 ಗ್ರಾಂ ಒಣ ಬಟ್ಟೆಗೆ ಕಡು ಬಣ್ಣ ಬೇಕಾದರೆ 2ರಿಂದ 4 ಗ್ರಾಂ ಪುಡಿ, ತಿಳಿಗೆ ಅರ್ಧ ಗ್ರಾಂ ಅಂತ ಒಂದು ಸಾಲು ಬರೆದಿದ್ದರೆ ಎಷ್ಟೋ ಬಟ್ಟೆ ಉಳಿಯುತ್ತಿತ್ತು. ಕೈಗವಸು ಮಣಿಕಟ್ಟಿಗೇ ಮುಗಿಯುತ್ತದೆ, ಬಕೆಟ್‌ಗೆ ಕೈ ಇಳಿಸಿದರೆ ನೀರು ಒಳಗೆ. ಮಾಸ್ಕ್ ಅಂತೂ ಇಲ್ಲವೇ ಇಲ್ಲ. ಇದನ್ನು ನಾನು ಸಣ್ಣದು ಅಂತ ಬಿಡುವುದಿಲ್ಲ, ಯಾಕಂದರೆ ಈ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಕೆಲವರಿಗೆ ಅಲರ್ಜಿಯಾಗಿ ಉಬ್ಬಸದಂಥ ತೊಂದರೆ ಶುರುವಾಗಬಹುದು. ಪುಡಿ ಕರಗುವವರೆಗೆ ಧೂಳು ತಡೆಯುವ ಒಳ್ಳೆ ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ. ಅಡುಗೆಯ ಪಾತ್ರೆ, ಚಮಚ ಇದಕ್ಕೆ ಬಳಸಲೇಬೇಡಿ.

ಹೊಲಿಯುವವರು ನೆನಪಿಡಬೇಕಾದ್ದು ಇನ್ನೂ ಸ್ವಲ್ಪ. ಬಟ್ಟೆಯನ್ನು ಕತ್ತರಿಸುವ ಮೊದಲೇ ಬಿಸಿ ನೀರಿನಲ್ಲಿ ಒಗೆಯಿರಿ, ಗಂಜಿ ಹೋಗಬೇಕು, ಕುಗ್ಗುವುದೂ ಅಲ್ಲೇ ಮುಗಿಯಬೇಕು. ಹೊಲಿದಾದ ಮೇಲೆ ಬಣ್ಣ ಹಾಕುವುದಾದರೆ ಹತ್ತಿ ದಾರದಲ್ಲೇ ಹೊಲಿಯಿರಿ, ಪಾಲಿಯೆಸ್ಟರ್ ದಾರ ಬಿಳಿಯಾಗೇ ಉಳಿದು ಪ್ರತಿ ಹೊಲಿಗೆಯೂ ಎದ್ದು ಕಾಣುತ್ತದೆ. ಮುಂದಿನ ಭಾಗ, ಹಿಂದಿನ ಭಾಗ ಬೇರೆ ಬೇರೆ ಅದ್ದುವುದಾದರೆ ಎರಡನ್ನೂ ಒಂದೇ ಕೋಲಿಗೆ ಕ್ಲಿಪ್ ಹಾಕಿ ಒಟ್ಟಿಗೆ ಇಳಿಸಿ, ಇಲ್ಲದಿದ್ದರೆ ಪಕ್ಕದ ಹೊಲಿಗೆಯಲ್ಲಿ ಶೇಡ್ ಕೂಡುವುದಿಲ್ಲ. ಅಗಲ ಘೇರಿನ ಸ್ಕರ್ಟಿನ ಅಂಚು ಕಮಾನಿನಂತೆ ಬಾಗಿರುತ್ತದೆ, ನೀರಿನ ಮಟ್ಟ ನೇರ. ಅಂಥದ್ದಕ್ಕೆ ಘೇರು ಕಡಿಮೆ ಇರುವ ಕಿರಿದಾದ ಪಟ್ಟಿಗಳಾಗಿ ಕತ್ತರಿಸಿ ಅದ್ದಿದರೆ ಬಣ್ಣ ಅಂಚಿನ ಜೊತೆಗೇ ಸಾಗುತ್ತದೆ.

ಕೊನೆಯ ಜಾಲಿಸುವಿಕೆಯಲ್ಲಿ ಅವಸರ ಬೇಡ. ಹಿಡಿಯದೆ ಉಳಿದ ಬಣ್ಣ ಕಡು ಭಾಗದಿಂದ ತೊಳೆದು ಬಂದು ಬಿಳಿ ಭಾಗಕ್ಕೆ ಕಲೆ ಮಾಡಬಹುದು. ತಿಳಿ ಬದಿಯನ್ನು ಮೇಲೆ ಹಿಡಿದು, ನೀರು ಅಲ್ಲಿಂದ ಕಡು ಬದಿಗೆ ಹರಿಯುವಂತೆ ಬಿಡಿ. ಮೊದಲು ತಣ್ಣೀರಿನಲ್ಲಿ ಸೋಡಾ ಹೋಗುವ ತನಕ, ಆಮೇಲೆ 60 ಡಿಗ್ರಿಗೂ ಮೇಲಿನ ಬಿಸಿ ನೀರಿನಲ್ಲಿ, ನೀರು ತಿಳಿಯಾಗುವ ತನಕ. ಈ ಕಿಟ್‌ನ ನೀಲಿ ಇಷ್ಟೆಲ್ಲ ಆದ ಮೇಲೆ ಒಗೆತಕ್ಕೆ ಜಗ್ಗಿಲ್ಲ, ಸ್ಕರ್ಟಿನ ಸೊಂಟದ ಬಳಿಯ ಆ ತಿಳಿ ಬಣ್ಣವೂ ಹಾಗೇ ಇದೆ. ಕಿಟ್ಟನ್ನು ಮತ್ತೆ ಕೊಳ್ಳುವುದಿಲ್ಲ. ಹಳದಿ, ಫ್ಯೂಷಿಯಾ ಮತ್ತು ಎರಡು ಥರದ ನೀಲಿ ಒಂಟಿ ಡಬ್ಬಿಗಳಲ್ಲಿ, ಒಂದು ದೊಡ್ಡ ಪೊಟ್ಟಣ ವಾಷಿಂಗ್ ಸೋಡಾ, ಮೊಣಕೈವರೆಗೆ ಬರುವ ಕೈಗವಸು, ಇಷ್ಟು ಬಿಡಿಯಾಗಿ ತರಿಸುತ್ತೇನೆ.