ಗುಂಡ ನನ್ನ ಜೊತೆ, ಪುಟ್ಟಿ ಏಜೆಂಟರ ಕೈಲಿ: ಮ್ಯೂನಿಕ್‌ಗೆ ಎರಡು ದಾರಿ

ನಮ್ಮನೇಲಿ ಇಬ್ಬರು. ಹದಿನೇಳು ಕೆಜಿಯ ನಾಟಿ ನಾಯಿ ಗುಂಡ, ನಾಲ್ಕು ಕೆಜಿಯ ಬೆಕ್ಕು ಪುಟ್ಟಿ. ಕಳೆದ ನವೆಂಬರಿನ ಒಂದೇ ವಾರದಲ್ಲಿ ಇಬ್ಬರೂ ಬೆಂಗಳೂರಿನಿಂದ ಮ್ಯೂನಿಕ್ ಸೇರಿದರು. ಗುಂಡನ ಕಾಗದಪತ್ರ ನಾನೇ ಓಡಾಡಿ ಮಾಡಿಸಿ, ನಾನು ಕೂತ ವಿಮಾನದಲ್ಲೇ ಲಗೇಜ್ ಲೆಕ್ಕದಲ್ಲಿ ಕರ್ಕೊಂಡು ಬಂದೆ. ಪುಟ್ಟಿಯನ್ನು ಸಾಕುಪ್ರಾಣಿ ಸಾಗಿಸೋ ಏಜೆಂಟರು ಕಾರ್ಗೋದಲ್ಲಿ ಕಳಿಸಿದರು. ಇನ್ನೊಂದು ಸಲ ಹೋಗೋ ಪ್ರಸಂಗ ಬಂದರೆ ಏಜೆಂಟರ ಬಾಗಿಲಿಗೆ ನಾನು ಹೋಗಲ್ಲ.

ಗೋಳೆಲ್ಲ ಶುರುವಾಗಿದ್ದು ಒಂದು ತಾರೀಖಿನಿಂದ. ರೇಬೀಸ್ ಹತೋಟಿಯಲ್ಲಿದೆ ಅಂತ ಯುರೋಪಿಯನ್ ಒಕ್ಕೂಟ ಒಪ್ಪಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಇಲ್ಲಿಂದ ಹೋಗೋ ನಾಯಿ, ಬೆಕ್ಕಿಗೆ ಮೊದಲು ಚರ್ಮದಡಿ 15 ಅಂಕಿಯ ಗುರುತಿನ ಮೈಕ್ರೋಚಿಪ್ ಹಾಕಿಸಬೇಕು, ಆಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ಟೈಟರ್ ಟೆಸ್ಟಿಗೆ, ಅಂದರೆ ಲಸಿಕೆ ಹತ್ತಿದೆಯಾ ಅಂತ ನೋಡೋ ಪರೀಕ್ಷೆಗೆ, ರಕ್ತ ತೆಗೆಯಬೇಕು. ಒಕ್ಕೂಟ ಒಪ್ಪಿದ ಲ್ಯಾಬಿನಲ್ಲಿ ಅದರ ಅಳತೆ ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಅಷ್ಟಾದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು.

ಪುಟ್ಟಿಗೆ ಮಾರ್ಚಿನಲ್ಲಿ ಲಸಿಕೆ ಆಗಿತ್ತು. ಏಜೆಂಟರ ಕಡೆಯವರು ಚಿಪ್ ಹಾಕಿಸಿದ್ದು ಅದಾಗಿ ಒಂಬತ್ತು ದಿನಕ್ಕೆ. 'ಲಸಿಕೆ ಮೊದಲೇ ಆಗಿದೆಯಲ್ಲ, ಪರವಾಗಿಲ್ವಾ?' ಅಂತ ನಾನು ಕೇಳಿದೆ. 'ಏನೂ ತೊಂದ್ರೆ ಇಲ್ಲ ಮೇಡಂ, ನಡೀತದೆ' ಅಂದರು. ನಂಬಿದೆ. ರಕ್ತ ಹೋಯಿತು, ರಿಪೋರ್ಟ್ ಚೆನ್ನಾಗೇ ಬಂತು, ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟಾಯಿತು, ನನ್ನ ಗಂಡ ಕೆಲಸಕ್ಕೆ ಸೇರೋಕೆ ಮುಂದಾಗಿ ಹೊರಟೂ ಆಯಿತು.

ಕೊನೆಗೆ ಆರೋಗ್ಯ ಪ್ರಮಾಣಪತ್ರಕ್ಕೆ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಕಾಗದ ಹೋದಾಗ ಅಧಿಕಾರಿ ಎರಡು ತಾರೀಖಿನ ಮೇಲೆ ಬೆರಳಿಟ್ಟರು. ಚಿಪ್ ಇಲ್ಲದ ಪ್ರಾಣಿಗೆ ಹಾಕಿದ ಲಸಿಕೆ ಇದೇ ಪ್ರಾಣಿಗೆ ಹಾಕಿದ್ದು ಅನ್ನೋದಕ್ಕೆ ಆಧಾರ ಏನು? ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಮಾರ್ಚಿನ ಲಸಿಕೆ ಲೆಕ್ಕಕ್ಕಿಲ್ಲ ಅಂದಮೇಲೆ ಟೈಟರೂ ಲೆಕ್ಕಕ್ಕಿಲ್ಲ. ಹೊಸದಾಗಿ ಲಸಿಕೆ, ಮತ್ತೆ 30 ದಿನ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಒಟ್ಟು ನಾಲ್ಕು ತಿಂಗಳು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಎರಡನೇ ಟೆಸ್ಟಿನ ದುಡ್ಡನ್ನೂ ನಮ್ಮಿಂದಲೇ ಇಸ್ಕೊಂಡರು.

ಇದರ ಬಾಲಕ್ಕೆ ಇನ್ನೊಂದು ನಿಯಮ ಇತ್ತು. ಸಾಕುಪ್ರಾಣಿ ಮತ್ತು ಯಜಮಾನರ ಪ್ರಯಾಣದ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ಇದ್ದರೆ ಅದು ವ್ಯಾಪಾರದ ಆಮದು ಆಗುತ್ತದೆ. ಗಂಡ ಹೋಗಿ ತಿಂಗಳಾಗಿತ್ತು. ಪುಟ್ಟಿ ನನ್ನ ಟಿಕೆಟ್ಟಿಗೇ ಅಂಟಿಕೊಂಡಳು. ನಾನೂ ಮನೆ ಖಾಲಿ ಮಾಡಿ, ಇಬ್ಬರನ್ನೂ ಕಟ್ಟಿಕೊಂಡು ಮೈಸೂರಿನಲ್ಲಿ ಅಮ್ಮನ ಮನೇಲಿ ಕೂತೆ.

ಆ ನಾಲ್ಕು ತಿಂಗಳಲ್ಲೇ ಗುಂಡನದ್ದು ನಾನೇ ಮಾಡ್ತೀನಿ ಅಂತ ತೀರ್ಮಾನಿಸಿದ್ದು. ಮೊದಲು ಚಿಪ್. ಸ್ಕ್ಯಾನರ್ ಹಿಡಿಸಿ ನಂಬರ್ ಓದಿಸಿ, ಅದನ್ನು ಲಸಿಕೆ ಪುಸ್ತಕದಲ್ಲಿ ಬರೆಸಿದ ಮೇಲೇ ಸೂಜಿ. ರಕ್ತವನ್ನು ಹಾಗೇ ಕಳಿಸೋ ಹಾಗಿಲ್ಲ. ಡಾಕ್ಟರು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿ ಹಳದಿ ಸೀರಮ್ಮನ್ನು ಸಣ್ಣ ಟ್ಯೂಬಿಗೆ ಹಾಕಿ ಕೊಟ್ಟರು. ಟ್ಯೂಬಿನ ಚೀಟಿಯ ಮೇಲೆ ಆ 15 ಅಂಕಿಯನ್ನು ನಾನೇ ಬರೆದು, ಒಂದೊಂದೇ ಅಂಕಿ ಬೆರಳಿಟ್ಟು ಎರಡು ಸಲ ಓದಿದೆ.

ಖರ್ಚು: ಕ್ರೇಟು (ಪ್ರಯಾಣದ ಗೂಡು), ಟೆಸ್ಟು, ಲಗೇಜ್ ಚಾರ್ಜು ಎಲ್ಲಾ ಸೇರಿ ಗುಂಡನಿಗೆ ಒಂದು ಲಕ್ಷದ ಒಳಗೆ. ಅವನ ಕಾಲು ಭಾಗ ತೂಕದ ಪುಟ್ಟಿಗೆ ಎರಡು ಲಕ್ಷ ದಾಟಿತು.

ಕ್ರೇಟಿನಲ್ಲಿ ನಾಯಿ ತಲೆ ತಗಲದೆ ನಿಲ್ಲಬೇಕು, ತಿರುಗಬೇಕು, ಮಲಗಬೇಕು. ಎರಡು ತಿಂಗಳು ಗುಂಡನಿಗೆ ಅದರೊಳಗೇ ಊಟ ಹಾಕಿದೆ, ಅಮ್ಮನ ಹಳೇ ಕಾಟನ್ ಸೀರೆ ಹಾಸಿದೆ. ಮತ್ತಿನ ಔಷಧಿ ಕೊಡಲಿಲ್ಲ, ಎತ್ತರದಲ್ಲಿ ಉಸಿರಾಟಕ್ಕೆ ಅಪಾಯ ಅಂತ ಡಾಕ್ಟರೇ ಬೇಡ ಅಂದಿದ್ದರು. ಪುಟ್ಟಿಗೆ ಈ ಯಾವ ಅಭ್ಯಾಸವೂ ಆಗಲಿಲ್ಲ. ಅವಳ ಕ್ರೇಟು ಬಂದಿದ್ದೇ ಹೊರಡೋ ಹಿಂದಿನ ಸಂಜೆ.

ಮ್ಯೂನಿಕ್‌ನಲ್ಲಿ ಇಳಿದು ಕಸ್ಟಮ್ಸ್‌ನ ಕೆಂಪು ದಾರಿಗೆ ಹೋಗಿ ಕಾಗದ ಕೊಟ್ಟೆ. ಅಧಿಕಾರಿ ಜಾಲರಿ ಬಾಗಿಲ ಸಂದಿಯಲ್ಲಿ ಸ್ಕ್ಯಾನರ್ ತೂರಿಸಿದರು. ಗುಂಡ ಅದನ್ನು ಮೂಸಿದ. ಬೀಪ್ ಅಂತು. ನಂಬರ್ ತಾಳೆಯಾಯಿತು, ಅರ್ಧ ಗಂಟೇಲಿ ಹೊರಗಿದ್ದೆವು. ಮೂರು ದಿನ ಕಳೆದು ಪುಟ್ಟಿ ಬಂದಾಗ ಕಾರ್ಗೋ ಟರ್ಮಿನಲ್ ಹತ್ತಿರ ನನ್ನ ಗಂಡ ಐದು ಗಂಟೆ ಕಾದರು. ಕೋಟೇಶನ್ನಿನಲ್ಲಿ ಇಲ್ಲದ ಹ್ಯಾಂಡ್ಲಿಂಗ್ ಚಾರ್ಜು ಅಲ್ಲಿ ಬೇರೆ ಕಟ್ಟಬೇಕಾಯಿತು. ಮನೆಗೆ ಬಂದವಳು ಎರಡು ದಿನ ಸೋಫಾದ ಕೆಳಗಿಂದ ಈಚೆ ಬರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಅವಳನ್ನು ಕ್ಯಾಬಿನ್ನಿನಲ್ಲೇ ತರಬಹುದಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಲುಫ್ತಾನ್ಸದಲ್ಲಿ ಬ್ಯಾಗೂ ಸೇರಿ 8 ಕೆಜಿ ಒಳಗಿದ್ದರೆ ಸೀಟಿನ ಕೆಳಗೆ ಇಟ್ಟುಕೊಳ್ಳಬಹುದು. ಬೆಕ್ಕಿಗೆ ಕಾರ್ಗೋ ಒಂದೇ ದಾರಿ ಅಂತ ಏಜೆಂಟರು ನಮಗೆ ಹೇಳಿದ್ದರು.

ನಾನು ಹಾಲಿನವನ ಚೀಟಿಯಿಂದ ಹಿಡಿದು ಎಲ್ಲಾನೂ ಫೈಲ್ ಮಾಡಿ ಇಡೋಳು, ಕೆಲಸ ಬಿಟ್ಟಿದ್ದರಿಂದ ಓಡಾಡೋಕೆ ಸಮಯವೂ ಇತ್ತು. ಅದಕ್ಕೇ ಎಲ್ಲಾ ನಾನೇ ಮಾಡೋದು ನನಗೆ ಹೊಂದಿತು. ಬ್ರಿಟನ್ನಿಗೆ ಹೋಗೋರ ಲೆಕ್ಕ ಬೇರೆ. ಅಲ್ಲಿಗೆ ವಿಮಾನದಲ್ಲಿ ಸಾಕುಪ್ರಾಣಿ ಕಾರ್ಗೋ ಆಗಿಯೇ ಬರಬೇಕು, ಅಂಥವರು ಏಜೆಂಟರನ್ನು ಹಿಡಿಯೋದು ಸರಿ. ಆದರೆ ಚಿಪ್ ಹಾಕಿದ ತಾರೀಖು ಮತ್ತು ಲಸಿಕೆ ತಾರೀಖನ್ನು ಮಾತ್ರ ನಿಮ್ಮ ಕಣ್ಣಿಂದಲೇ ನೋಡಿ. ಹೋಗೋ ಯೋಚನೆ ಇನ್ನೂ ಅರ್ಧಂಬರ್ಧ ಇದ್ದರೂ ಸರಿ, ಮುಂದಿನ ರೇಬೀಸ್ ಲಸಿಕೆಗೆ ಹೋದ ದಿನ, ಸೂಜಿಗೆ ಮುಂಚೆ ಚಿಪ್ ಹಾಕಿಸಿಬಿಡಿ.