ಅವ್ವನ ಜೊತೆ ಮೂರು ವರ್ಷ ತಿರುಗಿದ ಹತ್ತು ಅಡಿ ಟ್ರೇಲರ್

ನಮ್ಮದು ಬಾಗಲಕೋಟೆ ನವನಗರ. ಮೂರು ವರ್ಷದ ಹಿಂದೆ ಒಂದು ಸಣ್ಣ ಟ್ರಾವೆಲ್ ಟ್ರೇಲರ್, ಅಂದರೆ ಒಳಗೆ ಮಲಗಲು ಜಾಗವಿರುವ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಬಂಡಿ ಕೊಂಡೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಒಂದೇ ಆಕ್ಸಲ್ (ಗಾಲಿಯ ಅಚ್ಚು). ಬೊಲೆರೊ ಹಿಂದೆ ಕಟ್ಟಿಕೊಂಡು ಹೋಗುತ್ತೇವೆ. ಕೊಳ್ಳಲು ಕಾರಣ ಅವ್ವ. ಅವಳಿಗೆ ಮಂಡಿ ನೋವು, ಯಾತ್ರಿ ನಿವಾಸದ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೆ ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ, ಕೂಡಲಸಂಗಮ, ಇವು ಯಾವುದನ್ನೂ ಬಿಡುವವಳಲ್ಲ. ಟ್ರೇಲರ್ ಮನೆ ಮುಂದೆ ಬಂದ ದಿನ ಸುತ್ತ ಒಮ್ಮೆ ನೋಡಿ, "ಸವಾರಿ ಬಂಡಿ ಇದ್ದಂಗ ಐತಿ ನೋಡಪಾ" ಅಂದಳು.

ಮೊದಲೇ ಹೇಳಿಬಿಡುತ್ತೇನೆ. ಚೌಕಟ್ಟು ಗಟ್ಟಿಯಾಗಿದೆ. ಮೂರು ವರ್ಷದಲ್ಲಿ ಒಂದೇ ಒಂದು ವೆಲ್ಡಿಂಗ್ ಬಿಟ್ಟಿಲ್ಲ. ಆದರೆ ಅಂಗಡಿಯಿಂದ ಬಂದ ಹಾಗೆಯೇ ಇದ್ದಿದ್ದರೆ ಎರಡನೇ ಬೇಸಿಗೆಗೆ ಮಾರಿಬಿಡುತ್ತಿದ್ದೆ. ನಮ್ಮ ಬಿಸಿಲಿಗೆ, ನಮ್ಮ ರಸ್ತೆಗೆ ಹೊಂದುವಂತೆ ಮಾಡಲು ಅದರ ಮೇಲೆ ಎಷ್ಟೋ ಭಾನುವಾರ ಕಳೆದಿದ್ದೇನೆ. ಯಾರಾದರೂ ಇಂಥದ್ದು ಕೊಳ್ಳುವವರಿದ್ದರೆ ಕಪಾಟು, ಸಿಂಕು, ಪರದೆ ಎಲ್ಲ ಆಮೇಲೆ. ಮೊದಲು ಚಾವಣಿ ನೋಡಿ, ಆಮೇಲೆ ಭಾರ ನೋಡಿ.

ಚಾವಣಿಯ ಕಥೆ ದೊಡ್ಡದು. ಬಂದಾಗ ಇದ್ದದ್ದು ಬರೀ ತಗಡು, ಅದರ ಕೆಳಗೆ ತೆಳ್ಳನೆ ಪ್ಲೈವುಡ್. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಲಮಟ್ಟಿಯಲ್ಲಿ ನಿಲ್ಲಿಸಿದ್ದೆವು. ಹೊರಗೆ ನೆರಳಲ್ಲಿ 40 ಡಿಗ್ರಿ, ಒಳಗೆ 46. ಅವ್ವ ಹೊರಗೆ ಬೇವಿನ ಮರದ ಕೆಳಗೆ ಚಾಪೆ ಹಾಕಿಕೊಂಡು ಮಲಗಿದಳು. ಅವಳಿಗೋಸ್ಕರ ತಂದ ಗಾಡಿಯಲ್ಲಿ ಅವಳಿಗೇ ಮಲಗಲು ಆಗಲಿಲ್ಲವಲ್ಲ ಎಂದು ನನಗೆ ತುಂಬಾ ಬೇಜಾರಾಯಿತು.

ಮೊದಲು ಥರ್ಮಾಕೋಲ್ ಹಾಕಿದೆ. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಅದು ತಪ್ಪಾಯಿತು. ಗಾಡಿ ಕುಲುಕಿದಾಗೆಲ್ಲ ಥರ್ಮಾಕೋಲ್ ತಗಡಿಗೆ ತಿಕ್ಕಿ ಕಿರ್ ಕಿರ್ ಅನ್ನುತ್ತಿತ್ತು. ಒಂದು ವರ್ಷವೂ ಆಗಿರಲಿಲ್ಲ, ಪ್ಲೈವುಡ್ ಸಂದಿನಿಂದ ಬಿಳಿ ಕಾಳು ಉದುರಲು ಶುರುವಾಯಿತು. ಹಾಸಿಗೆ ಕೊಡವಿದರೆ ರವೆ ಚೆಲ್ಲಿದ ಹಾಗೆ. ಮನೆಯ ಗೋಡೆಗೆ ಅದು ಸರಿ ಇರಬಹುದು, ಓಡುವ ಗಾಡಿಗಲ್ಲ.

ಎರಡನೇ ಸಲ ಎಲ್ಲ ಬಿಚ್ಚಿ, ಏಸಿ ಪೈಪು ಮತ್ತು ಡಕ್ಟ್‌ಗೆ ಸುತ್ತುತ್ತಾರಲ್ಲ, ಆ ಕರಿ ನೈಟ್ರೈಲ್ ರಬ್ಬರ್ ಶೀಟ್ ತಂದೆ. 19 ಮಿಲಿಮೀಟರ್ ದಪ್ಪದ್ದು. ಅಂಟು ಹಚ್ಚಿ ತಗಡಿಗೆ ನೇರವಾಗಿ ಒತ್ತಿ ಕೂರಿಸಿದೆ. ಹೊರಗಿನಿಂದ ಬಿಸಿಲು ತಡೆಯುವ ಬಿಳಿ ಬಣ್ಣ ಎರಡು ಕೋಟು. ಇಲ್ಲಿ ಒಂದು ವಿಷಯ ಕಲಿತೆ. ತಗಡಿಗೆ ಮಾತ್ರ ಹಚ್ಚಿದರೆ ಸಾಲದು, ತಗಡನ್ನು ಹಿಡಿದಿರುವ ಕಬ್ಬಿಣದ ಪಕ್ಕೆಗಳಿಗೂ ಸುತ್ತಬೇಕು. ನಾನು ಪಕ್ಕೆ ಬಿಟ್ಟಿದ್ದೆ. ಡಿಸೆಂಬರ್‌ನಲ್ಲಿ ಖಾನಾಪುರದ ಕಡೆ ಹೋದಾಗ ಬೆಳಗಿನ ಜಾವ ಹಣೆಯ ಮೇಲೆ ತಣ್ಣನೆ ಹನಿ ಬಿತ್ತು. ಮಳೆ ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಪಕ್ಕೆ ಹಾದುಹೋದ ಕಡೆಯೆಲ್ಲ ಸಾಲಾಗಿ ನೀರಿನ ಹನಿ ಕೂತಿತ್ತು. ಮೂರು ಜನರ ಉಸಿರಿನ ಆವಿ ಹೋಗಿ ತಣ್ಣನೆ ಕಬ್ಬಿಣಕ್ಕೆ ತಾಗಿ ನೀರಾಗಿತ್ತು. ಊರಿಗೆ ಬಂದು ಪಕ್ಕೆಗಳಿಗೂ ಅದೇ ರಬ್ಬರ್ ಪಟ್ಟಿ ಕತ್ತರಿಸಿ ಅಂಟಿಸಿದೆ. ಈಗ ರಾತ್ರಿ ಕಿಟಕಿ ಎರಡು ಬೆರಳು ತೆಗೆದಿಟ್ಟು ಮಲಗುತ್ತೇವೆ. ಹನಿ ನಿಂತಿದೆ.

ಕಳೆದ ಏಪ್ರಿಲ್‌ನಲ್ಲಿ ಅದೇ ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ 40 ಇದ್ದಾಗ ಒಳಗೆ 41. ತಂಪೇನೂ ಅಲ್ಲ, ಏಸಿ ಇಲ್ಲದೆ ತಂಪಾಗುವುದೂ ಇಲ್ಲ. ಆದರೆ ತಲೆಯ ಮೇಲಿಂದ ಹೆಂಚು ಕಾದ ಹಾಗೆ ಬರುತ್ತಿದ್ದ ಝಳ ಹೋಯಿತು. ಅವ್ವ ಒಳಗೇ ಮಲಗಿದಳು, ನಾಲ್ಕು ಗಂಟೆಯವರೆಗೆ ಏಳಲಿಲ್ಲ.

ಚಾವಣಿಯ ಇನ್ನೊಂದು ಸಮಸ್ಯೆ ಸೋರಿಕೆ. ಅದು ನನ್ನ ಕೈಯಿಂದಲೇ ಆದದ್ದು. 160 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಕೂರಿಸಲು ಎಂಟು ತೂತು ಕೊರೆದು ಸಾದಾ ಸಿಲಿಕೋನ್ ತುಂಬಿದ್ದೆ. ನಮ್ಮೂರಲ್ಲಿ ಮಳೆ ಕಡಿಮೆ, ಆದ್ದರಿಂದ ಗೊತ್ತೇ ಆಗಲಿಲ್ಲ. ಖಾನಾಪುರದ ಕಡೆ ಜುಲೈ ಮಳೆಯಲ್ಲಿ ಎರಡು ದಿನ ನಿಂತಾಗ ಮೂಲೆಯ ಪ್ಲೈವುಡ್ ಊದಿಕೊಂಡಿತು, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಗಾಡಿ ಕುಲುಕಿ ಕುಲುಕಿ ಸಿಲಿಕೋನ್ ತಗಡಿನಿಂದ ಬಿಟ್ಟುಕೊಂಡಿತ್ತು. ಹಳೆ ಸಿಲಿಕೋನ್ ಮೇಲೆ ಏನೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಬ್ಲೇಡು ಹಿಡಿದು ಪೂರ್ತಿ ಕೆರೆದು ತೆಗೆಯಬೇಕಾಯಿತು, ಒಂದಿಡೀ ದಿನದ ಕೆಲಸ. ಆಮೇಲೆ ಪ್ಯಾನೆಲ್ ಹಿಡಿಯುವ ಬ್ರಾಕೆಟ್ ಕೆಳಗೆ ಬ್ಯುಟೈಲ್ ಟೇಪ್ (ಮೆತ್ತನೆ ಅಂಟು ರಬ್ಬರ್ ಪಟ್ಟಿ), ಮೇಲೆ ಪಿಯು (ಪಾಲಿಯುರಿಥೇನ್) ಸೀಲಂಟ್. ಕೊಳೆತ ಪ್ಲೈವುಡ್ ತೆಗೆದು ಐಎಸ್ 710 ಮಾರ್ಕಿನ, ನೀರು ತಾಳುವ ಮರೈನ್ ಪ್ಲೈ ಹಾಕಿದೆ. ದುಡ್ಡು ಜಾಸ್ತಿ ಆಯಿತು, ಆದರೆ ಎರಡು ಮಳೆಗಾಲ ಕಳೆದರೂ ಒಂದು ಹನಿ ಇಳಿದಿಲ್ಲ.

ಇನ್ನು ಭಾರ. ಇದು ಜೀವದ ಪ್ರಶ್ನೆ, ದಯವಿಟ್ಟು ಸುಮ್ನೆ ಓದಿ ಬಿಡಬೇಡಿ.

ಮೊದಲ ವರ್ಷ ವಿಜಯಪುರದಿಂದ ಬರುವಾಗ ಹೆದ್ದಾರಿ 50ರಲ್ಲಿ ಸುಮಾರು 70ರ ವೇಗದಲ್ಲಿದ್ದೆ. ಪಕ್ಕದಲ್ಲಿ ಒಂದು ದೊಡ್ಡ ಲಾರಿ ದಾಟಿತು. ಟ್ರೇಲರ್ ಹಾವಿನ ಬಾಲದಂತೆ ಆ ಕಡೆ ಈ ಕಡೆ ಬೀಸತೊಡಗಿತು. ಬೊಲೆರೊ ಹಿಂಭಾಗವೂ ಅದರ ಜೊತೆ ಎಳೆಯುತ್ತಿತ್ತು. ಬ್ರೇಕ್ ಒತ್ತದೆ, ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ. ವೇಗ ಇಳಿದ ಮೇಲೆ ನಿಂತಿತು. ಕೈ ನಡುಗುತ್ತಿತ್ತು.

ಊರಿಗೆ ಬಂದು ನಮ್ಮ ಕಾಕಾನಿಗೆ ಹೇಳಿದೆ. ಅವರು ಹಿಂದೆ ಬಡಿಗತನ ಮಾಡಿದವರು, ಎಷ್ಟೋ ಬಂಡಿ ಕಟ್ಟಿದವರು. ಅವರು ಟ್ರೇಲರ್ ಒಳಗೆ ಹೋಗಲೂ ಇಲ್ಲ. ಮುಂದಿನ ಕೊಕ್ಕೆ ಹಿಡಿದು ಎರಡೂ ಕೈಯಿಂದ ಎತ್ತಿದರು. ಸಲೀಸಾಗಿ ಮೇಲೆ ಬಂತು. "ಹಿಂಭಾರ ಆಗೈತಿ. ಬಂಡಿಗೆ ಹಿಂಗ ಹೇರಿದ್ರ ನೊಗ ಮ್ಯಾಲೆ ಏಳತೈತಿ, ಎತ್ತಿನ ಕೊಳ್ಳಿಗೆ ಹಗ್ಗ ಬಿಗೀತೈತಿ. ಮುಂಭಾರ ಮಾಡು" ಅಂದರು.

ಲೆಕ್ಕ ನೋಡಿದೆ. ವೇಬ್ರಿಡ್ಜ್‌ನಲ್ಲಿ ಸಾಮಾನು ಸಮೇತ ಟ್ರೇಲರ್ ತೂಕ 720 ಕೆಜಿ. ಮುಂದಿನ ಕೊಕ್ಕೆಯ ಕೆಳಗೆ ಮರದ ತುಂಡು, ಅದರ ಕೆಳಗೆ ಮನೆಯ ತೂಕದ ಯಂತ್ರ ಇಟ್ಟರೆ ಬರೀ 30 ಕೆಜಿ. ಇಂಥ ಟ್ರೇಲರ್‌ಗೆ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಭಾರ ಕೊಕ್ಕೆಯ ಮೇಲೆ ಬೀಳಬೇಕು, ಇಲ್ಲದಿದ್ದರೆ ಹೀಗೆ ಬಾಲ ಬೀಸುತ್ತದೆ. ನಮ್ಮದು 4ರಷ್ಟು. ಕಾರಣ ಸರಳ. 60 ಲೀಟರ್ ನೀರಿನ ಟ್ಯಾಂಕನ್ನೂ ಸ್ಟೆಪ್ನಿಯನ್ನೂ ಬಾಡಿ ಬಿಲ್ಡರ್ ತೀರಾ ಹಿಂದೆ ಇಟ್ಟಿದ್ದರು. ಟ್ಯಾಂಕನ್ನು ಆಕ್ಸಲ್ ಮೇಲಕ್ಕೆ ತಂದೆ, ಸ್ಟೆಪ್ನಿಯನ್ನು ಮುಂದಿನ ಮೂಕಿಯ (ಕೊಕ್ಕೆ ಇರುವ ಉದ್ದನೆ ಕಂಬಿಯ) ಕಡೆ ಕೂರಿಸಿದೆ. ಈಗ ಕೊಕ್ಕೆಯ ಮೇಲೆ 88 ಕೆಜಿ. ಅದೇ ರಸ್ತೆ, ಅಂಥದ್ದೇ ಲಾರಿಗಳು, ಬಾಲ ಬೀಸಿಲ್ಲ. ಆದರೂ 60 ದಾಟುವುದಿಲ್ಲ. ನಿಮ್ಮ ಗಾಡಿಯ ಕೊಕ್ಕೆ ಎಷ್ಟು ಭಾರ ತಾಳುತ್ತದೆ ಎಂದು ಅದರ ಪುಸ್ತಕದಲ್ಲಿ ನೋಡಿಕೊಳ್ಳಿ.

ಚೌಕಟ್ಟು, ಆಕ್ಸಲ್, ಉದ್ದ-ಅಗಲ ಮಾತ್ರ ನಾನು ಮುಟ್ಟಿಲ್ಲ. ಟ್ರೇಲರ್‌ಗೂ ಆರ್‌ಸಿ ಇರುತ್ತದೆ. ಅದರಲ್ಲಿ ಬರೆದಿರುವುದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ವೈರಿಂಗ್ ಬಗ್ಗೆ ಎರಡೇ ಮಾತು. ಹಳೆ ಬ್ಯಾಟರಿ ತೆಗೆದು 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದೆ, ಅಂದರೆ ಸುಮಾರು ಒಂದೂಕಾಲು ಯೂನಿಟ್ ಕರೆಂಟ್. 28 ವ್ಯಾಟ್‌ನ ಫ್ಯಾನು ರಾತ್ರಿಯಿಡೀ ತಿರುಗಿದರೂ ಅದರ ಕಾಲು ಭಾಗವೂ ಖರ್ಚಾಗುವುದಿಲ್ಲ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ನಮ್ಮದರಲ್ಲಿ ಬಾಗಿಲ ಹತ್ತಿರ ಇತ್ತು. ನಡುವಿನ ವೈರು ಎಲ್ಲಾದರೂ ತಿಕ್ಕಿ ಸುಲಿದು ಕಬ್ಬಿಣಕ್ಕೆ ತಾಗಿದ್ದರೆ ಆ ಫ್ಯೂಸ್‌ನಿಂದ ಏನೂ ಉಪಯೋಗ ಇರುತ್ತಿರಲಿಲ್ಲ.

ಗ್ಯಾಸ್ 5 ಕೆಜಿಯ ಸಣ್ಣ ಸಿಲಿಂಡರ್, ಹೊರಗಿನ ಪೆಟ್ಟಿಗೆಯಲ್ಲಿ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದಕ್ಕೆ ಪೆಟ್ಟಿಗೆಯ ತಳದಲ್ಲಿ ತೂತು ಬೇಕೇ ಬೇಕು. ಅಡುಗೆ ಹೊರಗೇ ಮಾಡುತ್ತೇವೆ. ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದ ಬುತ್ತಿ ಕಟ್ಟಿಕೊಂಡೇ ಹೋಗುತ್ತೇವೆ, ಅಲ್ಲಿ ಚಹಾ, ಪಲ್ಯ ಅಷ್ಟೇ.

ಇನ್ನೂ ಪೂರ್ತಿ ಗೆಲ್ಲದ ತೊಂದರೆ ಧೂಳು. ಮಣ್ಣಿನ ರಸ್ತೆಯಲ್ಲಿ ಓಡುವಾಗ ಗಾಡಿಯ ಹಿಂಬದಿ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಹಿಂದಿನ ಬಾಗಿಲಿಗೆ ರಬ್ಬರ್ ಬೀಡಿಂಗ್ ಹಾಕಿ, ಹಿಂದಿನ ಕಿಂಡಿ ಮುಚ್ಚಿದ ಮೇಲೆ ಅರ್ಧ ಕಡಿಮೆಯಾಗಿದೆ. ಎರೆ ನೆಲದಲ್ಲಂತೂ ಮಳೆ ಮೋಡ ಕಂಡರೆ ನಿಲ್ಲಿಸಲೇಬೇಡಿ. ಗಾಲಿಗೆ ಮಣ್ಣು ಮೆತ್ತಿಕೊಂಡು ಮಡ್‌ಗಾರ್ಡ್ ತುಂಬಿಬಿಡುತ್ತದೆ. ಒಮ್ಮೆ ಹೊಲದ ಮಾಲೀಕರು ಟ್ರ್ಯಾಕ್ಟರ್ ತಂದು ಎಳೆದುಕೊಟ್ಟರು, ದುಡ್ಡು ಕೊಟ್ಟರೂ ಮುಟ್ಟಲಿಲ್ಲ.

ಈಗ ಉಳಿದಿರುವ ಕೆಲಸ ಒಂದು ಕಿಟಕಿ. ಇರುವ ಕಿಟಕಿಗಳೆಲ್ಲ ಕೂತವರ ಎತ್ತರಕ್ಕಿವೆ. ಅವ್ವ ಮಲಗಿಕೊಂಡೇ ಜಾತ್ರೆ ನೋಡಬೇಕು ಅನ್ನುತ್ತಾಳೆ. ಅಯಸ್ಕಾಂತ ಆಡಿಸಿ ಒಳಗೋಡೆಯ ಹಿಂದೆ ಪಕ್ಕೆ ಎಲ್ಲಿದೆ ಎಂದು ಗುರುತು ಮಾಡಿ, ಎರಡು ಪಕ್ಕೆಗಳ ನಡುವೆ ಸೀಮೆಸುಣ್ಣದಿಂದ ಚೌಕ ಬರೆದಿದ್ದೆ. ನಿನ್ನೆ ಅವಳು ಹಾಸಿಗೆಯಲ್ಲಿ ಒರಗಿ ನೋಡಿ, "ಇನ್ನ ಎರಡ ಬೆರಳ ಕೆಳಗ ತಗೊ" ಅಂದಳು. ಗೆರೆ ಒರೆಸಿ ಕೆಳಗೆ ಬರೆದಿದ್ದೇನೆ. ಭಾನುವಾರ ಕಟ್ಟರ್ ತರುತ್ತೇನೆ.